ಪಾರ್ಕಿನ್ಸನ್ ಕಾಯಿಲೆ: ನಡಿಗೆ ಯಾವುದರಿಂದ ತಪ್ಪುತ್ತಿದೆ ಎಂದು ಮನೆಯಲ್ಲೇ ಗುರುತಿಸುವ ಬಗೆ

ಪಾರ್ಕಿನ್ಸನ್ ಕಾಯಿಲೆ ಇರುವವರು ಬಿದ್ದರೆಂದರೆ ಮಾತ್ರೆ ಸಾಲುತ್ತಿಲ್ಲ ಎಂದೇ ಮನೆಯವರು ಭಾವಿಸುತ್ತಾರೆ. ಆದರೆ ಹೆಜ್ಜೆ ಚಿಕ್ಕದಾಗುವುದು, ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದು, ತಿರುಗುವಾಗ ಆಯ ತಪ್ಪುವುದು, ಎದ್ದೊಡನೆ ಕಣ್ಣು ಕತ್ತಲಿಡುವುದು ಇವೆಲ್ಲವೂ ಒಂದೇ ರಾಸಾಯನಿಕದ ಕೊರತೆಯಿಂದ ಬರುವುದಿಲ್ಲ. ಇವನ್ನು ಬೇರ್ಪಡಿಸಿ ನೋಡಿ ನರತಜ್ಞರಿಗೆ ತಿಳಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ವಾರ ದಿನಚರಿ ಬರೆದಿಡಿ. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಕಾಲು ತಡವರಿಸಿದ ಅಥವಾ ಬಿದ್ದ ಹೊತ್ತು ಮತ್ತು ಆಗ ಅವರು ಏನು ಮಾಡುತ್ತಿದ್ದರು ಎಂಬ ನಾಲ್ಕು ಸಂಗತಿಗಳು ಸಾಕು.

ತೊಂದರೆ ಮುಂದಿನ ಮಾತ್ರೆಯ ಹೊತ್ತಿಗೆ ಹೆಚ್ಚಿ, ಮಾತ್ರೆ ಹತ್ತಿದ ಮೇಲೆ ಕಡಿಮೆಯಾಗುತ್ತಿದ್ದರೆ ಅದು, ಚಲನೆಯನ್ನು ನಡೆಸುವ ಮಿದುಳಿನ ರಾಸಾಯನಿಕವಾದ ಡೋಪಮಿನ್‌ನ ಕೊರತೆಯ ಲಕ್ಷಣ. ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದ ನರಕೋಶಗಳು ಸಾಯುವುದರಿಂದ ಈ ಕೊರತೆ ಉಂಟಾಗುತ್ತದೆ. ಯೋಚಿಸದೆ ಇಡುವ ಹೆಜ್ಜೆಯ ಉದ್ದವೂ ವೇಗವೂ ಇದರಿಂದ ಕುಗ್ಗುತ್ತವೆ. 1961ರಲ್ಲಿ ವಿಯೆನ್ನಾದಲ್ಲಿ ಬಿರ್ಕ್‌ಮಾಯರ್ ಮತ್ತು ಹಾರ್ನಿಕೀವಿಚ್ ಎಂಬ ವಿಜ್ಞಾನಿಗಳು, ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾದ ಚುಚ್ಚುಮದ್ದು ಕೊಟ್ಟಾಗ ಹಾಸಿಗೆ ಬಿಟ್ಟು ಏಳಲಾರದವರು ಎದ್ದು ನಡೆದರು, ಆದರೆ ಆ ಪರಿಣಾಮ ಕೆಲವು ಗಂಟೆಗಳಷ್ಟೇ ಉಳಿಯಿತು. ಇಂದಿನ ಲೆವೊಡೋಪಾ ಮಾತ್ರೆಗಳಲ್ಲೂ ಹೊತ್ತಿನ ಲೆಕ್ಕ ಮುಖ್ಯವಾಗುವುದು ಇದಕ್ಕಾಗಿಯೇ. ಬೇಳೆ, ಮೊಸರು, ಮೊಟ್ಟೆಗಳ ಪ್ರೋಟೀನು ಲೆವೊಡೋಪಾ ಮಿದುಳು ಸೇರುವುದಕ್ಕೆ ಪೈಪೋಟಿ ಒಡ್ಡುವುದರಿಂದ, ವಾಕರಿಕೆ ಆಗದಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ನಸುಗುನ್ನಿ ಬೀಜದಲ್ಲಿಯೂ ಲೆವೊಡೋಪಾ ಇದೆ. ಅದರ ಪುಡಿಯನ್ನು ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಬೇಕು, ಇಲ್ಲವಾದರೆ ಪ್ರಮಾಣದ ಲೆಕ್ಕವೇ ತಪ್ಪುತ್ತದೆ.

ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲೂ ಬೀಳುತ್ತಿದ್ದರೆ ಸಂಗತಿ ಬೇರೆ. ಮಿದುಳುಕಾಂಡದಿಂದ, ಸಂಕೇತಗಳನ್ನು ಹಂಚುವ ಮಿದುಳಿನ ಒಳಭಾಗವಾದ ಥಲಾಮಸ್‌ಗೆ ಮತ್ತು ಮಿದುಳಿನ ಬುಡದಿಂದ ಹೊರಪದರಕ್ಕೆ ಇನ್ನೊಂದು ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಒದಗಿಸುವ ನರಕೋಶಗಳೂ ಈ ಕಾಯಿಲೆಯಲ್ಲಿ ನಶಿಸುತ್ತವೆ. ದೇಹದ ಆಯ ಕಾಯುವುದಕ್ಕೂ ನಡಿಗೆಯ ಮೇಲೆ ಗಮನ ಇಡುವುದಕ್ಕೂ ಅವು ಬೇಕು. ಡೋಪಮಿನ್ ಕುಗ್ಗಿದವರು ತಾನಾಗಿ ಆಗಬೇಕಾದ ನಡಿಗೆಯನ್ನು ಗಮನದ ಬಲದಿಂದ ನಡೆಸಿಕೊಂಡು ಹೋಗುತ್ತಿರುತ್ತಾರೆ, ಆದ್ದರಿಂದ ಆ ಗಮನವೂ ಕೈಕೊಟ್ಟಾಗ ಬೀಳುತ್ತಾರೆ. ನಡೆಯುವಾಗ ಮಾತನಾಡಿಸಿದರೆ ನಿಂತುಬಿಡುತ್ತಾರೆಯೇ, ಕಾಫಿ ಲೋಟ ಹಿಡಿದಾಗ ತಡವರಿಸುತ್ತಾರೆಯೇ ಎಂದು, ಪಕ್ಕದಲ್ಲೇ ಇದ್ದು, ಗಮನಿಸಿ. 2016ರಲ್ಲಿ ಪ್ರಕಟವಾದ, ಬ್ರಿಟನ್ನಿನ 130 ಮಂದಿಯ ಅಧ್ಯಯನವೊಂದರಲ್ಲಿ ಅಸಿಟೈಲ್‌ಕೋಲಿನ್ ಉಳಿಸುವ ರಿವಾಸ್ಟಿಗ್ಮಿನ್ ಔಷಧಿಯಿಂದ ನಡಿಗೆ ಹೆಚ್ಚು ಸ್ಥಿರವಾಯಿತು. ಅದು ನಿಮ್ಮವರಿಗೆ ಹೊಂದುತ್ತದೆಯೇ ಎಂಬುದನ್ನು ತಜ್ಞರು ನಿರ್ಧರಿಸಬೇಕು. ಇದಕ್ಕೆ ವಿರುದ್ಧವಾಗಿ, ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಅಸಿಟೈಲ್‌ಕೋಲಿನ್ನಿನ ಕೆಲಸವನ್ನು ತಡೆಯುತ್ತದೆ. ವಯಸ್ಸಾದವರ ಹಳೆಯ ಚೀಟಿಯಲ್ಲಿ ಅದು ವರ್ಷಗಟ್ಟಲೆ ಮುಂದುವರಿದಿದ್ದರೆ, ಇನ್ನೂ ಬೇಕೇ ಎಂದು ಕೇಳುವುದು ತಪ್ಪಲ್ಲ.

ಎದ್ದುನಿಂತಾಗ ಮಾತ್ರ ತೂರಾಡುವವರಲ್ಲಿ ರಕ್ತದೊತ್ತಡ ನೋಡಿ: ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು, ನಿಂತಾಗ ರಕ್ತದೊತ್ತಡ ಕಾಯುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಕೊರತೆಯ ಸೂಚನೆಯಾಗಿರಬಹುದು. ಲೆವೊಡೋಪಾ ತಾನೇ ಒತ್ತಡವನ್ನು ಇನ್ನಷ್ಟು ಇಳಿಸಬಲ್ಲುದು. ಪ್ರಮಾಣ ಹೆಚ್ಚಿಸಿದ ಮೇಲೆ ಬೀಳುವುದು ಹೆಚ್ಚಿತು ಎಂಬ ದೂರಿಗೆ ಇದೂ ಒಂದು ಕಾರಣ.

ತಲೆಸುತ್ತು ಎಂದೊಡನೆ ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳಿ ತರುವ ಅಭ್ಯಾಸವೇ, ನನ್ನ ಮಟ್ಟಿಗೆ, ಎಲ್ಲಕ್ಕಿಂತ ಅಪಾಯಕರ. ಸಿನ್ನರಿಝಿನ್, ಫ್ಲುನರಿಝಿನ್, ಪ್ರೋಕ್ಲೋರ್‌ಪೆರಝಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಇವೆಲ್ಲ ಡೋಪಮಿನ್‌ಗೆ ಅಡ್ಡಿ ಮಾಡಿ ಪಾರ್ಕಿನ್ಸನ್ ಲಕ್ಷಣಗಳನ್ನು ಉಲ್ಬಣಗೊಳಿಸುತ್ತವೆ. ಬೇರೆ ಕಾಯಿಲೆಗೆ ಯಾರನ್ನು ಕಂಡರೂ ಈ ಹೆಸರುಗಳ ಚೀಟಿಯನ್ನು ಜೊತೆಗೊಯ್ಯಿರಿ.

ಬಾಗಿಲ ಬಳಿ ಅಥವಾ ತಿರುವಿನಲ್ಲಿ ಕಾಲು ಅಂಟಿದಾಗ ತೋಳು ಹಿಡಿದು ಎಳೆಯಬಾರದು. ನಿಲ್ಲಿಸಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಲು ಹೇಳಿ, "ಒಂದು, ಎರಡು" ಎಂದು ಎಣಿಸಿ, ನೆಲಕ್ಕೆ ಅಡ್ಡಲಾಗಿ ಅಂಟಿಸಿದ ಬಣ್ಣದ ಪಟ್ಟಿಯನ್ನು ದಾಟಿಸಿ. ಕಣ್ಣಿಗೆ ಕಾಣುವ ಗೆರೆಯೂ ಕಿವಿಗೆ ಬೀಳುವ ಲಯವೂ ಡೋಪಮಿನ್ ಅವಲಂಬಿತ ದಾರಿಯನ್ನು ಬಳಸದೆ ಹೆಜ್ಜೆಗೆ ಚಾಲನೆ ಕೊಡಬಲ್ಲವು. ತಿರುಗುವಾಗ ನಿಂತಲ್ಲೇ ಹೊರಳದೆ ಅಗಲವಾಗಿ ಸುತ್ತಿ ಬರಲಿ.

ಯಾವ ಕಾರಣಕ್ಕೂ ಲೆವೊಡೋಪಾವನ್ನು ಥಟ್ಟನೆ ನಿಲ್ಲಿಸಬೇಡಿ. ತೀವ್ರ ಬಿಗಿತ ಮತ್ತು ಜ್ವರದ ಪ್ರಾಣಾಪಾಯ ಎದುರಾಗಬಹುದು. ಕಾಯಿಲೆ ಕಾಣಿಸಿಕೊಂಡ ಮೊದಲ ಮೂರು ವರ್ಷಗಳೊಳಗೇ ಪದೇಪದೇ ಬೀಳುತ್ತಿದ್ದರೆ, ಅದು ಪಾರ್ಕಿನ್ಸನ್ ಅನ್ನು ಹೋಲುವ ಬೇರೊಂದು ಕಾಯಿಲೆ ಆಗಿರಬಹುದಾದ್ದರಿಂದ, ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ನರತಜ್ಞರನ್ನು ಕಾಣಿರಿ.