ಪೈಪಿನೊಳಗೆ ಓಡುವ ಬೂದಿಯನ್ನು ನೋಡುವುದು ಹೇಗೆ

ರಾಯಚೂರಿನ ಶಕ್ತಿನಗರದಂಥ ಥರ್ಮಲ್ ಪ್ಲಾಂಟಿನಲ್ಲಿ ಹಾರುಬೂದಿ ಗಾಳಿಯ ಜೊತೆ ಪೈಪಿನಲ್ಲಿ ಓಡುತ್ತದೆ. ಎಲ್ಲಿ ಕಟ್ಟಿಕೊಳ್ಳುತ್ತಿದೆ ಅಂತ ನೋಡಲು ಕೆಪಾಸಿಟೆನ್ಸ್ ಟೊಮೊಗ್ರಫಿ ಬಳಸಬಹುದು. ಅಂದರೆ ಪೈಪಿನ ಸುತ್ತ ಇಟ್ಟ ಲೋಹದ ಪಟ್ಟಿಗಳ ನಡುವಿನ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಅಳೆದು, ಒಳಗಿನ ಅಡ್ಡಸೀಳಿನ ಚಿತ್ರ ಕಟ್ಟುವ ವಿಧಾನ. ಸೆನ್ಸರನ್ನು ಕಬ್ಬಿಣದ ಪೈಪಿನ ಮೇಲೆ ಸುಮ್ನೆ ಸುತ್ತಿದರೆ ಆಗುವುದಿಲ್ಲ, ಲೋಹ ವಿದ್ಯುತ್ ಕ್ಷೇತ್ರವನ್ನು ಒಳಗೆ ಬಿಡುವುದಿಲ್ಲ. ಒಂದು ತುಂಡು ಕತ್ತರಿಸಿ, ಅಲ್ಲಿ ಸೆರಾಮಿಕ್ ಪೈಪ್ ಕೂರಿಸಿ, ಅದರ ಹೊರಮೈಗೆ ಸುತ್ತಲೂ 8 ತಾಮ್ರದ ಪಟ್ಟಿ ಅಂಟಿಸಿ, ಮೇಲೆ ಅರ್ತಿಂಗ್ ಮಾಡಿದ ಲೋಹದ ಕವಚ ಹಾಕಿ. ಎರಡೆರಡು ಪಟ್ಟಿಗಳ ನಡುವೆ ಅಳೆದರೆ 28 ರೀಡಿಂಗ್ ಸಿಗುತ್ತವೆ. ಚಿತ್ರ ಕಟ್ಟುವುದು ಇವುಗಳಿಂದಲೇ.

ಕ್ಯಾಲಿಬ್ರೇಶನ್‌ಗೆ (ಹೋಲಿಸಲು ಮೊದಲೇ ಅಳೆದಿಟ್ಟುಕೊಳ್ಳುವುದಕ್ಕೆ) ಅವಸರ ಬೇಡ. ಮೊದಲು ಖಾಲಿ ಪೈಪ್, ಆಮೇಲೆ ಅದೇ ಪ್ಲಾಂಟಿನ ಬೂದಿ ತುಂಬಿದ ಪೈಪ್ ಅಳೆಯಿರಿ. ಆ ಬೂದಿಗೆ ತೇವ ಹಿಡಿದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಚಿತ್ರದ ನಡುಭಾಗ ಮಸುಕಾಗಿಯೇ ಕಾಣುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಬಳ್ಳಾರಿ ಕಡೆ ಅದಿರನ್ನು ನೀರಲ್ಲಿ ಕಲಸಿ ಹರಿಸುವ ಪೈಪಿಗೆ ಇದು ಸರಿಬರುವುದಿಲ್ಲ. ಆ ನೀರು ಕರೆಂಟ್ ಹರಿಸುತ್ತದೆ, ಅಲ್ವಾ? ಅಲ್ಲಿ ಎಲೆಕ್ಟ್ರೋಡ್‌ಗಳು (ಅಳೆಯುವ ಲೋಹದ ತುಣುಕುಗಳು) ನೀರಿಗೇ ತಾಗುವ, ವಿದ್ಯುತ್ ರೋಧವನ್ನು ಅಳೆಯುವ ರೆಸಿಸ್ಟೆನ್ಸ್ ಟೊಮೊಗ್ರಫಿ ಬೇಕು.