ವಾಂಕೆಲ್ ಎಂಜಿನ್ ವಿಮಾನಕ್ಕೆ ವಿದ್ಯುತ್ ನೀರಿನ ಪಂಪು: ಲೀಟರ್ ಅಲ್ಲ, ಆಂಪಿಯರ್ ನೋಡಿ

ಸ್ವಂತವಾಗಿ ಕಟ್ಟಿಕೊಂಡ ಸಣ್ಣ ವಿಮಾನಗಳಿಗೆ ಮಾಜ್ದಾ ಕಾರಿನ 13ಬಿ ಎಂಬ ವಾಂಕೆಲ್ ಎಂಜಿನ್ (ಪಿಸ್ಟನ್ ಬದಲು ತ್ರಿಕೋನ ರೋಟರ್ ತಿರುಗುವಂಥದ್ದು) ಕೂರಿಸುವವರು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿದ್ದಾರೆ. ಎಂಜಿನ್ ತಣಿಸುವ ನೀರನ್ನು ತಿರುಗಿಸುವ ಬೆಲ್ಟಿನ ಪಂಪು ತೆಗೆದು ವಿದ್ಯುತ್ ಪಂಪು ಹಾಕಿದರೆ ಎಂಜಿನ್ ಮುಂದೆ ಜಾಗ ಉಳಿಯುತ್ತದೆ, ಎಂಜಿನ್ ನಿಲ್ಲಿಸಿದ ಮೇಲೂ ನೀರು ತಿರುಗಿಸಬಹುದು. ಆದರೆ ಪಂಪು ಆರಿಸುವಾಗ ಪೆಟ್ಟಿಗೆಯ ಮೇಲಿನ 'ನಿಮಿಷಕ್ಕೆ ಇಷ್ಟು ಲೀಟರ್' ನಂಬಿದರೆ ಕೆಟ್ಟಿರಿ.

ನನ್ನ ಲೆಕ್ಕ ಹೀಗೆ. 180 ಅಶ್ವಶಕ್ತಿ ಎಂದರೆ 134 ಕಿಲೋವ್ಯಾಟ್. ಅದರ ಮೂರನೇ ಎರಡು ಭಾಗ, ಸುಮಾರು 90 ಕಿಲೋವ್ಯಾಟ್, ನೀರಿಗೆ ಹೋಗುತ್ತದೆಂದು ಹಿಡಿಯುತ್ತೇನೆ. ಎಣ್ಣೆಯ ಶಾಖ ಬೇರೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ದ್ರವದ ಒಂದು ಲೀಟರಿಗೆ ಒಂದು ಡಿಗ್ರಿ ಏರಲು 3.6 ಕಿಲೋಜೂಲ್ ಬೇಕು. ಎಂಜಿನ್ನಿನೊಳಗೆ 10 ಡಿಗ್ರಿಯಷ್ಟೇ ಏರಬೇಕಾದರೆ ನಿಮಿಷಕ್ಕೆ 150 ಲೀಟರ್ ಹರಿಯಬೇಕು.

ಈ ಹರಿವಿಗೆ ಎಂಜಿನ್ ಬ್ಲಾಕ್, ರೇಡಿಯೇಟರ್, ಹೋಸು ಸೇರಿ 50 ಕಿಲೋಪಾಸ್ಕಲ್ ಒತ್ತಡ ತಿನ್ನುತ್ತವೆ ಎನ್ನೋಣ. ಆಗ ನೀರಿಗೆ ಸಿಗಬೇಕಾದ ಶಕ್ತಿ 125 ವ್ಯಾಟ್. 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುವ ಪಂಪಿಗೆ ಹೋಗುವುದೇ 120 ವ್ಯಾಟ್. ನೂರಕ್ಕೆ 35ರ ದಕ್ಷತೆ ಕೊಟ್ಟರೂ ನೀರಿಗೆ ಮುಟ್ಟುವುದು 42. ಹಾಗೆಂದು ಹರಿವು ಮೂರನೇ ಒಂದಕ್ಕೆ ಇಳಿಯುವುದಿಲ್ಲ. ಹರಿವು ತಗ್ಗಿದಂತೆ ಒತ್ತಡ ಅದರ ವರ್ಗದಷ್ಟು ತಗ್ಗುವುದರಿಂದ ಸುಮಾರು 104 ಲೀಟರಿನಲ್ಲಿ ನಿಲ್ಲುತ್ತದೆ, ಏರಿಕೆ 14–15 ಡಿಗ್ರಿ. ಸಮತಟ್ಟು ಹಾರಾಟಕ್ಕೆ ಇದು ಒಪ್ಪಬಹುದಾದ ಸಂಖ್ಯೆ. ವೇಗ ಕಡಿಮೆಯಿದ್ದು ಪೂರ್ಣ ಶಕ್ತಿ ಬೇಕಾಗುವ ಏರುಹಾದಿಗೆ ನಾನು ಒಪ್ಪುವುದಿಲ್ಲ.

ಆದ್ದರಿಂದ ದೊಡ್ಡ ಪಂಪು ಹುಡುಕುವ ಮೊದಲು ಹಾದಿಯ ಅಡ್ಡಿ ಕಡಿಮೆ ಮಾಡಿ. ಎರಡು ರೇಡಿಯೇಟರುಗಳನ್ನು ಒಂದರ ಹಿಂದೊಂದು ಜೋಡಿಸಿದರೆ, ಪಕ್ಕಪಕ್ಕ ಜೋಡಿಸಿದ್ದಕ್ಕಿಂತ ಎಂಟು ಪಟ್ಟು ಒತ್ತಡ ಕಳೆಯುತ್ತದೆ. ಥರ್ಮೋಸ್ಟಾಟ್ (ನೀರು ಬಿಸಿಯಾಗುವವರೆಗೆ ರೇಡಿಯೇಟರಿನ ಹಾದಿ ಮುಚ್ಚಿಡುವ ಕವಾಟ) ತೆಗೆಯುವವರು ಅದರ ಕೆಳಗಿನ ಬೈಪಾಸ್ ರಂಧ್ರವನ್ನೂ ಮುಚ್ಚಲೇಬೇಕು. ಮರೆತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತದೆ.

ಪರೀಕ್ಷೆಗೆ ಬ್ಲಾಕು, ರೇಡಿಯೇಟರು, ವಿಮಾನಕ್ಕೇ ಹಾಕುವ ಹೋಸುಗಳು, 20 ಲೀಟರಿನ ಬಕೆಟ್, ತಂತಿಗೆ ಸಿಕ್ಕಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಸಾಕು. ನೀರು ಬೀಳುವ ಬಾಯಿ, ಪಂಪು ಎಳೆಯುವ ತೊಟ್ಟಿಯ ನೀರಿನ ಮಟ್ಟದಲ್ಲೇ ಇರಲಿ. ಮೇಲೆ ಕೆಳಗೆ ಆದರೆ ಅಳತೆ ಸುಳ್ಳಾಗುತ್ತದೆ. 8 ಸೆಕೆಂಡಿಗೆ ಬಕೆಟ್ ತುಂಬಿದರೆ 150 ಲೀಟರ್, 12ಕ್ಕೆ ತುಂಬಿದರೆ 100. ಇದನ್ನು 13.8 ವೋಲ್ಟಿನಲ್ಲೂ 12ರಲ್ಲೂ ಮಾಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸತ್ತ ದಿನ ನಿಮ್ಮ ಕೈಯಲ್ಲಿರುವುದು ಎರಡನೆಯ ಅಂಕಿ. ವೋಲ್ಟೇಜನ್ನು ಪಂಪಿನ ಕನೆಕ್ಟರಿನಲ್ಲೇ ಅಳೆಯಿರಿ, ಬ್ಯಾಟರಿಯಲ್ಲಲ್ಲ.

ಹಾರಾಟದಲ್ಲಿ ಎಂಜಿನ್ನಿಗೆ ಹೋಗುವ, ಬರುವ ಎರಡೂ ನೀರಿನ ಉಷ್ಣತೆ ನೋಡಬೇಕು. ಪೂರ್ಣ ಶಕ್ತಿಯಲ್ಲಿ ವ್ಯತ್ಯಾಸ 20 ಡಿಗ್ರಿ ದಾಟಿದರೆ ಹರಿವು ಸಾಲದು. ವ್ಯತ್ಯಾಸ ಹತ್ತೇ ಇದ್ದು ಎರಡೂ ಸುಡುತ್ತಿದ್ದರೆ ಪಂಪನ್ನು ಬೈಯಬೇಡಿ, ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ಪಂಪು ಬದಲಿಸಿ ಬದಲಿಸಿ ಸೋಲುವವರು ಎಡವುವುದು ಇಲ್ಲಿ.

ಪಂಪಿನ ತಂತಿಗೆ ಅಮ್ಮೀಟರ್ ಹಾಕುವುದು ಕಡ್ಡಾಯ ಎಂಬುದು ನನ್ನ ಮಾತು. ಕರೆಂಟು ಏಕಾಏಕಿ ಇಳಿದರೆ ಗಾಳಿ ಸೇರಿದೆ ಅಥವಾ ಹಾದಿ ಕಟ್ಟಿದೆ. ಏರಿದರೆ ಬೇರಿಂಗ್ ಹಿಡಿಯುತ್ತಿದೆ. ಉಷ್ಣತೆಯ ಮೀಟರ್ ಇದನ್ನು ತಡವಾಗಿ ಹೇಳುತ್ತದೆ. ನೀರೇ ಖಾಲಿಯಾದರೆ ಸೆನ್ಸರ್ ಆವಿಯಲ್ಲಿ ನಿಂತು ತಣ್ಣಗಿದೆ ಎಂದೂ ತೋರಿಸೀತು, ಅದಕ್ಕೇ ನೀರಿನ ಒತ್ತಡದ ಮೀಟರೂ ಬೇಕು. ಅಷ್ಟರಲ್ಲಿ ಹೌಸಿಂಗುಗಳ (ಎಂಜಿನ್ನಿನ ಹೊರಕವಚದ ಭಾಗಗಳ) ನಡುವಿನ ರಬ್ಬರ್ ಸೀಲು ಸುಟ್ಟಿದ್ದರೆ ಎಂಜಿನ್ ಬಿಚ್ಚದೆ ಗತಿಯಿಲ್ಲ.

ಎರಡು ಪಂಪು ಇಡುವುದಾದರೆ ಒಂದರ ಹಿಂದೊಂದು ಇಡಿ. ಒಂದು ಕೆಟ್ಟರೂ ಅದರೊಳಗಿಂದ ನೀರು ಹಾಯುತ್ತದೆ. ಪಕ್ಕಪಕ್ಕ ಇಟ್ಟರೆ ಕೆಟ್ಟದ್ದರ ಮೂಲಕ ನೀರು ಹಿಂದಕ್ಕೆ ಸುತ್ತುತ್ತದೆ, ತಡೆಯಲು ಒಂದೇ ದಿಕ್ಕಿಗೆ ನೀರು ಬಿಡುವ ಚೆಕ್ ವಾಲ್ವ್ ಬೇಕು. ಎರಡಕ್ಕೂ ಬೇರೆ ಬೇರೆ ಫ್ಯೂಸ್, ಬೇರೆ ಸ್ವಿಚ್ ಕೊಡಿ.