ಸ್ಪ್ಯಾನಿಷ್‌ನ ‘ಸು’ ಯಾರದು? ‘ತಮ್ಮ’ ಎಂಬ ಪದದ ನೆರವಿನಿಂದ ಕಲಿಯುವ ಬಗೆ

ಸ್ಪ್ಯಾನಿಷ್ ಕಲಿಯಲು ತೊಡಗಿದವರಿಗೆ ಮೊದಲ ಪಾಠಗಳಲ್ಲೇ ‘ಸು’ ಎಂಬ ಒಂದಕ್ಷರದ ಪದ ಎದುರಾಗುತ್ತದೆ. ನಾಮಪದಕ್ಕೆ ಮೊದಲು ಬಂದು ಒಡೆತನವನ್ನು ಸೂಚಿಸುವ ಈ ವಿಶೇಷಣಕ್ಕೆ ಅವನ, ಅವಳ, ಅದರ, ಅವರ, ನಿಮ್ಮ ಎಂಬ ಎಲ್ಲ ಅರ್ಥಗಳೂ ಇವೆ. ‘ಕಾಸಾ’ ಎಂದರೆ ಮನೆ. ‘ಸು ಕಾಸಾ’ ಎಂದಾಗ ಅದು ಅವನ ಮನೆಯೂ ಆಗಬಹುದು, ಅವಳ ಮನೆಯೂ ಆಗಬಹುದು, ಎದುರಿಗಿರುವ ನಿಮ್ಮ ಮನೆಯೂ ಆಗಬಹುದು. ನಮ್ಮಲ್ಲಿ ಹೆಚ್ಚಿನವರು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುವುದರಿಂದ ಈ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ. ಕನ್ನಡಿಗರಿಗೆ ಅದರ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮಾಡಬೇಕಾದುದು, ‘ಸು’ ಪದವನ್ನು ಕನ್ನಡದ ‘ತಮ್ಮ’ ಎಂಬ ಪದದ ಪಕ್ಕದಲ್ಲಿಟ್ಟು ನೋಡುವುದು. ‘ಅವರು ತಮ್ಮ ಮನೆಗೆ ಹೋದರು’ ಎಂಬಲ್ಲಿ ‘ತಮ್ಮ’ ಮೂರನೆಯವರಿಗೆ ಸೇರಿದ್ದು, ‘ತಮ್ಮ ಹೆಸರೇನು?’ ಎಂದು ಗೌರವದಿಂದ ಕೇಳಿದಾಗ ಅದೇ ಪದ ಎದುರಿಗಿರುವವರದಾಗುತ್ತದೆ. ‘ಸು’ ಪದದ ನಡೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ಸ್ಪ್ಯಾನಿಷ್‌ನಲ್ಲಿ ಆತ್ಮೀಯರನ್ನು ‘ತು’ (ನೀನು) ಎಂದೂ ಗೌರವಾರ್ಹರನ್ನು ‘ಉಸ್ತೆದ್’ (ತಾವು) ಎಂದೂ ಕರೆಯುತ್ತಾರೆ. ‘ಉಸ್ತೆದ್’ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬ ಅರ್ಥದ ‘ಬುಏಸ್ತ್ರಾ ಮೆರ್ಸೆದ್’ ಎಂಬ ಹಳೆಯ ಸಂಬೋಧನೆಯಿಂದ. ವ್ಯಕ್ತಿಯನ್ನು ನೇರವಾಗಿ ಕರೆಯದೆ ಅವರ ಕೃಪೆಯನ್ನು ಕುರಿತು ಮಾತನಾಡುವ ರೀತಿ ಅದಾಗಿದ್ದುದರಿಂದ, ಅದರೊಡನೆ ಬರುವ ಕ್ರಿಯಾಪದವೂ ಒಡೆತನದ ಪದವೂ ಪ್ರಥಮ ಪುರುಷದಲ್ಲಿ, ಅಂದರೆ ಅವನು, ಅವಳು ಎಂಬುದರ ರೂಪದಲ್ಲೇ ಉಳಿದುಕೊಂಡವು. ‘ನಿಮ್ಮ’ ಎಂಬ ಅರ್ಥ ‘ಸು’ ಪದಕ್ಕೆ ಬಂದಿರುವುದು ಈ ದಾರಿಯಿಂದ. ‘ತು’ ಎಂದು ಕರೆಯುವವರ ವಿಷಯದಲ್ಲಿ ಮಾತ್ರ ‘ಸು ಕಾಸಾ’ ಎನ್ನದೆ ‘ತು ಕಾಸಾ’ (ನಿನ್ನ ಮನೆ) ಎನ್ನಬೇಕು. ಬರೆಯುವಾಗ ‘ನೀನು’ ಎಂಬರ್ಥದ ‘ತು’ ಪದದ ಮೇಲೆ ಒತ್ತುಗುರುತು ಬರುತ್ತದೆ, ‘ನಿನ್ನ’ ಎಂಬರ್ಥದ್ದಕ್ಕೆ ಬರುವುದಿಲ್ಲ.

ಎರಡನೆಯ ಹೆಜ್ಜೆಯಲ್ಲಿ ಒಡೆಯರ ಕಡೆಯಿಂದ ಕಣ್ಣು ತೆಗೆದು ವಸ್ತುವಿನ ಕಡೆಗೆ ನೋಡಬೇಕು. ವಸ್ತು ಒಂದೇ ಇದ್ದರೆ ‘ಸು’, ಒಂದಕ್ಕಿಂತ ಹೆಚ್ಚಿದ್ದರೆ ‘ಸುಸ್’. ‘ಸುಸ್ ಲೀಬ್ರೊಸ್’ ಎಂದರೆ ಅವರೆಲ್ಲರ ಪುಸ್ತಕಗಳು ಎಂದಷ್ಟೇ ಅಲ್ಲ, ಒಬ್ಬಳೇ ಹುಡುಗಿಯ ಹಲವು ಪುಸ್ತಕಗಳೂ ಹೌದು. ಇಡೀ ಕುಟುಂಬಕ್ಕೆ ಒಂದೇ ನಾಯಿ ಇದ್ದರೆ ಅದು ‘ಸು ಪೆರ್ರೊ’. ಒಡೆಯರು ಹಲವರಾದ ಕೂಡಲೇ ‘ಸುಸ್’ ಎಂದುಬಿಡುವುದು ಹೊಸಬರು ತೀರ ಸಾಮಾನ್ಯವಾಗಿ ಮಾಡುವ ತಪ್ಪು. ನಾಮಪದದ ನಂತರ ಬರುವ ‘ಸುಯೊ’ ಎಂಬ ದೀರ್ಘರೂಪದಲ್ಲಿ ವಚನದ ಜೊತೆಗೆ ಲಿಂಗವನ್ನೂ ನೋಡಬೇಕು, ಆದರೆ ಅಲ್ಲಿಯೂ ಲೆಕ್ಕಕ್ಕೆ ಬರುವುದು ಒಡೆಯರ ಲಿಂಗವಲ್ಲ. ಅವಳ ಒಬ್ಬ ಗೆಳೆಯ ‘ಉನ್ ಅಮೀಗೊ ಸುಯೊ’. ಅವನ ಒಬ್ಬ ಗೆಳತಿ ‘ಉನಾ ಅಮೀಗಾ ಸುಯಾ’.

ಇನ್ನು ಗೊಂದಲ ನಿವಾರಿಸುವ ಮಾತು. ಮರಿಯಾ ಹುವಾನನೊಡನೆ ‘ಸು ಪಾದ್ರೆ’ಯ ಬಗ್ಗೆ ಮಾತನಾಡಿದಳು ಎಂದಾಗ ಆ ತಂದೆ ಯಾರ ತಂದೆ? ಕನ್ನಡದಲ್ಲಿ ‘ತನ್ನ ತಂದೆ’, ‘ಅವನ ತಂದೆ’ ಎಂದು ಬೇರೆಬೇರೆಯಾಗಿ ಹೇಳಿ ಸಂದೇಹ ಕಳೆಯಬಹುದು. ಲ್ಯಾಟಿನ್‌ನಲ್ಲೂ ಈ ಭೇದವಿತ್ತು: ‘ಸುಉಸ್’ ಎಂದರೆ ತನ್ನ, ‘ಎಯುಸ್’ ಎಂದರೆ ಬೇರೊಬ್ಬರ. ಸ್ಪ್ಯಾನಿಷ್ ರೂಪುಗೊಳ್ಳುವಾಗ ಎರಡನೆಯದು ಬಿದ್ದುಹೋಗಿ, ಮೊದಲನೆಯದರ ಪೀಳಿಗೆಯಾದ ‘ಸು’ ಎರಡರ ಹೊರೆಯನ್ನೂ ಹೊತ್ತಿತು. ಆದ್ದರಿಂದ ಸಂದರ್ಭದಿಂದ ಅರ್ಥ ತಿಳಿಯದಿದ್ದಾಗ ‘ಸು’ ಬಿಟ್ಟು, ‘ಎಲ್ ಪಾದ್ರೆ ದೆ ಎಲ್’ (ಅವನ ತಂದೆ), ‘ಎಲ್ ಪಾದ್ರೆ ದೆ ಎಯಾ’ (ಅವಳ ತಂದೆ), ‘ಎಲ್ ಪಾದ್ರೆ ದೆ ಉಸ್ತೆದ್’ (ತಮ್ಮ ತಂದೆ) ಎಂದು ಬಿಡಿಸಿ ಹೇಳಬೇಕು. ಸ್ವಂತದ್ದೇ ಎಂದು ಒತ್ತಿ ಹೇಳಬೇಕಾದಲ್ಲಿ ‘ಸು ಪ್ರೋಪಿಯೊ ಪಾದ್ರೆ’ ಎನ್ನಬಹುದು.

‘ಸು’ ಬಳಸಬಾರದ ಜಾಗವನ್ನು ಅರಿಯುವುದೂ ಅಷ್ಟೇ ಮುಖ್ಯ, ಮತ್ತು ಇಲ್ಲಿ ಕನ್ನಡದ ಮನಸ್ಸು ತಾನಾಗಿಯೇ ಸರಿದಾರಿಯಲ್ಲಿ ನಡೆಯುತ್ತದೆ. ಅವನು ಕೈ ತೊಳೆದುಕೊಳ್ಳುತ್ತಾನೆ ಎನ್ನುವಾಗ ನಾವು ‘ತನ್ನ ಕೈ’ ಎನ್ನುವುದಿಲ್ಲ. ‘ಕೊಳ್ಳು’ ಎಂಬುದೇ ಅದನ್ನು ತಿಳಿಸುತ್ತದೆ. ಸ್ಪ್ಯಾನಿಷರೂ ‘ಸೆ ಲಾಬಾ ಲಾಸ್ ಮಾನೊಸ್’ ಎನ್ನುತ್ತಾರೆ. ಅಲ್ಲಿನ ‘ಸೆ’ ನಮ್ಮ ‘ಕೊಳ್ಳು’ವಿನ ಕೆಲಸ ಮಾಡುತ್ತದೆ, ‘ಸುಸ್’ ಬರುವುದಿಲ್ಲ. ‘ನನಗೆ ತಲೆ ನೋಯುತ್ತಿದೆ’ ಎಂಬುದು ‘ಮೆ ದುಏಲೆ ಲಾ ಕಾಬೇಸಾ’. ‘ನನಗೆ’ ಎಂಬುದಕ್ಕೆ ‘ಮೆ’ ಇದೆ, ‘ನನ್ನ’ ಎಂಬುದಕ್ಕೆ ಪದವೇ ಇಲ್ಲ. ಇಂಗ್ಲಿಷಿನ ಮೂಲಕ ಹೋದವರು ಇಲ್ಲಿ ಒಡೆತನದ ಪದವನ್ನು ತುರುಕಿ ವಾಕ್ಯ ಕೆಡಿಸುತ್ತಾರೆ.

ಊರಿಂದೂರಿಗೆ ಬಳಕೆಯಲ್ಲಿ ವ್ಯತ್ಯಾಸವೂ ಇದೆ. ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ಹಲವು ಆಪ್ತರನ್ನು ಒಟ್ಟಿಗೆ ಉದ್ದೇಶಿಸುವಾಗ ‘ಬುಏಸ್ತ್ರೊ’ ಎಂಬ ಬೇರೆಯ ಪದವಿದ್ದರೆ, ಲ್ಯಾಟಿನ್ ಅಮೆರಿಕದಲ್ಲಿ ಚಿಕ್ಕ ಮಕ್ಕಳ ಗುಂಪಿಗೂ ‘ಸು’, ‘ಸುಸ್’ ಎಂದೇ ಹೇಳುತ್ತಾರೆ.

ಅಭ್ಯಾಸಕ್ಕಾಗಿ ಒಂದು ವಾಕ್ಯವನ್ನು ತೆಗೆದುಕೊಳ್ಳಿ: ‘ಅವರು ತಮ್ಮ ಮಕ್ಕಳೊಂದಿಗೆ ತಮ್ಮ ಮನೆಗೆ ಹೋದರು.’ ಮಕ್ಕಳು ಹಲವರು, ಮನೆ ಒಂದೇ. ಆದ್ದರಿಂದ ‘ಫುಏರೊನ್ ಕೊನ್ ಸುಸ್ ಈಹೊಸ್ ಆ ಸು ಕಾಸಾ’. ಹೋದವಳು ತಾಯಿಯೊಬ್ಬಳೇ ಆಗಿದ್ದರೆ ‘ಫುಏರೊನ್’ ಎಂಬ ಕ್ರಿಯಾಪದ ‘ಫುಎ’ ಆಗುತ್ತದೆ. ‘ಸುಸ್’ ಮತ್ತು ‘ಸು’ ಎರಡೂ ಇದ್ದಲ್ಲೇ ಇರುತ್ತವೆ.